ಸ್ವರ ಉದುರಿದ ಮಾತು

ಕೊಲ್ಲಾಪುರದಿಂದ ಬಂದಿದ್ದ ನಟನ ಬಾಯಲ್ಲಿ ಆ ಮಾತು ಮತ್ತೆ ಸಿಕ್ಕಿಕೊಂಡಿತು. ‘ನ್ರ್’ ಎನ್ನಲು ಹೋಗಿ ‘ನಿರ್’ ಎಂದ. ನಾಲಗೆಯನ್ನು ಮೇಲಿನ ಹಲ್ಲಿಗೆ ಒತ್ತಿ, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಇನ್ನೊಮ್ಮೆ ಹೊರಟು ‘ನರ್’ ಎಂದ. ನಡುವೆ ಒಂದು ಸಣ್ಣ ಅ, ಒಂದು ಸಣ್ಣ ಇ ನುಸುಳದೆ ಅವನಿಗೆ ನಕಾರದಿಂದ ರಕಾರಕ್ಕೆ ದಾಟಲು ಆಗುತ್ತಲೇ ಇರಲಿಲ್ಲ. ಆಮೇಲೆ ಮರಾಠಿಯಲ್ಲಿ ಯಾರ ತಾಯಿಯನ್ನೋ ಬೈದು, ಹೆಗಲ ಮೇಲಿನ ನಕಲಿ ತೋಳದ ಚರ್ಮ ಕಿತ್ತೆಸೆದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತ. ಮಾಳೇಶ ಅವನ ಮುಂದೆ ತುದಿಗಾಲಲ್ಲಿ ಕೂತು ಅವನ ಬಾಯೊಳಗೇ ನೋಡುತ್ತಿದ್ದ. ಬೇರೆಯವನ ಬಾಯನ್ನು ಇಷ್ಟು ಹೊತ್ತು ನೋಡುವುದರಲ್ಲಿ ಏನೋ ಹೇಸಿಗೆ ಇದೆ ಎಂದು ಬೆಳಗಿನಿಂದ ಅನ್ನಿಸುತ್ತಿತ್ತು. ಹಲ್ಲಿನ ಸಂದಿಯ ಗುಟ್ಕಾದ ಕೆಂಪು, ಒಸಡಿನ ಮೇಲೆ ನಿಂತ ಜೊಲ್ಲು, ಎತ್ತ ಹೊರಳಬೇಕೋ ತಿಳಿಯದೆ ಬಿದ್ದ ಜಾಗದಲ್ಲೇ ನಡುಗುವ ನಾಲಗೆ. ಮನೆಯಲ್ಲಿ ದಿನಾ ಇಂಥದೇ ಇನ್ನೊಂದು ಬಾಯನ್ನು ಅವನು ನೋಡುತ್ತಿದ್ದ. ಅಲ್ಲಿ ಹೇಸಿಗೆ ಅನ್ನಿಸುತ್ತಿರಲಿಲ್ಲ. ಅಥವಾ ಅನ್ನಿಸುತ್ತಿತ್ತು, ಅದಕ್ಕೆ ಅವನು ಬೇರೆ ಹೆಸರಿಟ್ಟುಕೊಂಡಿದ್ದ.

ಅವರ ಬೆನ್ನ ಹಿಂದೆ, ಮಂಗಸೂಳಿಯ ಆಚೆ ಕೈಬಿಟ್ಟ ಕಲ್ಲಿನ ಖಣಿಯ ತಳದಲ್ಲಿ, ಊರಿನ ಮೂವತ್ತು ಮಂದಿ ಮೈಗೆಲ್ಲ ಇದ್ದಿಲು ಬಳಿದುಕೊಂಡು ನೆರಳಿಗಾಗಿ ಕಲ್ಲಿಗೆ ಆತು ನಿಂತಿದ್ದರು. ಮೊಬೈಲಿನಲ್ಲಿ ನೋಡುವ ಧಾರಾವಾಹಿ ಅದು. ಎಲ್ಲೂ ಇಲ್ಲದ ಒಂದು ರಾಜ್ಯ, ಅದರ ಮೇಲೆ ಹೊಳೆ ದಾಟಿ ಬರುವ ನರಭಕ್ಷಕರ ಪಂಗಡ, ಆ ಪಂಗಡಕ್ಕೊಂದು ಭಾಷೆ. ಆ ಭಾಷೆಯನ್ನು ಮಾಡಿದವನು ಮಾಳೇಶ. ಸೆಟ್ಟಿನಲ್ಲಿ ಎಲ್ಲರೂ ಅವನನ್ನು ‘ಭಾಷಾ ಸರ್’ ಎಂದು ಕರೆಯುತ್ತಿದ್ದರು, ಅಥಣಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ ಅವನನ್ನು ‘ಗೆಸ್ಟ್’ ಎಂದು ಕರೆಯುವ ಹಾಗೆ. ಎರಡರಲ್ಲೂ ಅವನ ಹೆಸರು ಇರಲಿಲ್ಲ. ನಿರ್ದೇಶಕ ಉತ್ತಮ ನಿಪ್ಪಾಣಿಯ ತಂಬಾಕು ವ್ಯಾಪಾರದ ಜೈನ ಮನೆತನದವನು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಾದ್ದರಿಂದ ಅವನ ಶೂಟಿಂಗಿಗೆ ಯಾವಾಗಲೂ ಒಂದು ಅವಸರವಿರುತ್ತಿತ್ತು. ಆಗಾಗ ಕಲ್ಲಿನ ಅಂಚಿನ ನೆರಳು ಎಲ್ಲಿಗೆ ಬಂತೆಂದು ನೋಡಿ ಮಾಳೇಶನ ಕಡೆ ತಿರುಗುತ್ತಿದ್ದ. ಭಾಷೆ ಮಾಡಿದವನೇ ಅದನ್ನು ಬಾಯಿಗೂ ತುರುಕಬೇಕಲ್ಲ ಎಂಬಂತೆ.

ಮಾಳೇಶ ಮೊದಲು ಮಾಡಿದ್ದು ಈ ಭಾಷೆಯನ್ನಲ್ಲ. ಧಾರವಾಡದಲ್ಲಿ ಅವನ ಜೊತೆ ಭಾಷಾಶಾಸ್ತ್ರ ಓದಿ ಈಗ ಉತ್ತಮನಿಗೆ ಸಹಾಯಕಿಯಾಗಿದ್ದ ಸ್ನೇಹಲ ಫೋನು ಮಾಡಿ ಕೇಳಿದಾಗ, ಒಂದು ಬೇಸಿಗೆ ಪೂರ್ತಿ ಕೂತು ಅವನು ಬೇರೊಂದನ್ನು ಕಟ್ಟಿದ್ದ. ಅದರಲ್ಲಿ ಸ್ವರಗಳು ಒಂದನ್ನೊಂದು ಹೋಲುತ್ತ ಹೋಗುತ್ತಿದ್ದವು. ಸತ್ತವರ ಬಗ್ಗೆ ಮಾತಾಡಲು ಬೇರೆಯೇ ಕ್ರಿಯಾಪದಗಳಿದ್ದವು. ಹೊಳೆಗೆ ಹರಿಯುವಾಗ ಒಂದು ಹೆಸರು, ಬತ್ತಿದಾಗ ಇನ್ನೊಂದು. ಅವನು ಬರೆದದ್ದರಲ್ಲೆಲ್ಲ ಅದೊಂದೇ ತನ್ನದು ಅನ್ನಿಸಿತ್ತು. ಉತ್ತಮ ಶೇಂಗಾ ಬಿಡಿಸಿ ತಿನ್ನುತ್ತ ಪೂರ್ತಿ ಕೇಳಿ, ಸಿಪ್ಪೆ ಊದಿ, “ಛಲೋ ಐತ್ರಿ ಸರ್. ಆದ್ರ ಇದು ಬಸದ್ಯಾಗ ಪೂಜಿ ಮಾಡೋರ ಭಾಷಾ ಆತು. ನನಗ ಕೇಳಿದ್ರ ಹೊಟ್ಟಿ ತೊಳಸಬೇಕು. ಇವ್ರು ಮನಷ್ಯಾರೋ ಅಲ್ಲೋ ಅನ್ನಸಬೇಕು” ಅಂದಿದ್ದ. ಆ ದಿನ ಸಂಜೆ ಮನೆಗೆ ಬಂದಾಗ ಕರೆಂಟು ಇರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಕೋಣೆಯ ಕತ್ತಲಿನಿಂದ ಏನೋ ಕೇಳಿಸಿತು. ಕಲ್ಲು ಕಲ್ಲಿಗೆ ತಿಕ್ಕಿದ ಹಾಗೆ, ಗಂಟಲಲ್ಲಿ ಎಲುಬು ಸಿಕ್ಕ ಪ್ರಾಣಿಯ ಹಾಗೆ. ‘ನ್ರ್ ತ್ಗ್.’ ಅವನ ಕೈಯ ಕೂದಲು ನಿಮಿರಿ ನಿಂತಿತು. ಮರುಕ್ಷಣ ತಾಯಿ ಸಾವಕ್ಕ ತಂಬಿಗೆ ಹಿಡಿದು ಒಳಗೆ ಹೋದದ್ದು ಕಂಡಿತು. ಅಪ್ಪ ನೀರು ಕೇಳಿದ್ದ, ನೀರು ತಗೋಂಬಾ ಅಂದಿದ್ದ, ಅಷ್ಟೇ. ತನ್ನ ಅಪ್ಪನಿಗೇ ಹೆದರಿದೆನಲ್ಲ ಎಂದು ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಮೊದಲು ಬಂದದ್ದು, ಉತ್ತಮ ಕೇಳಿದ ಸದ್ದು ಇದೇ ಎಂಬ ಆಲೋಚನೆ. ಈ ಹಿಂದು ಮುಂದು ಅವನಿಗೆ ಚೆನ್ನಾಗಿ ನೆನಪಿತ್ತು. ಇದನ್ನು ಮರೆಯಲು ಆಗಿದ್ದರೆ ಉಳಿದದ್ದನ್ನೆಲ್ಲ ಹೇಗೋ ಸಂಭಾಳಿಸಬಹುದಿತ್ತು.

ಅಪ್ಪ ಅಮೋಘಸಿದ್ದ ಡೊಳ್ಳಿನ ಪದದ ಮೇಳದ ಮುಂದಾಳಾಗಿದ್ದವನು. ಹಾರೂಗೇರಿಯಿಂದ ಐನಾಪುರದವರೆಗೆ ಎಲ್ಲಿ ಎರಡು ಮೇಳ ಎದುರುಬದುರು ಕೂತರೂ ಅವನು ಎಡಗೈಯನ್ನು ಕಿವಿಗೆ ಒತ್ತಿಕೊಂಡು ಒಂದು ‘ಆ’ ಎಳೆದನೆಂದರೆ ಚಹಾದಂಗಡಿಯವನೂ ಒಲೆ ಸಣ್ಣದು ಮಾಡಿ ಬರುತ್ತಿದ್ದ. ಅವನು ಸಾಲು ಹಾಡಬೇಕು, ಹಿಂದೆ ನಿಂತ ಹಿಮ್ಮೇಳ ಅದರ ಕೊನೆಯನ್ನು ಎತ್ತಿ ತಿರುಗಿ ಹಾಡಬೇಕು. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಹಿಮ್ಮೇಳ ಸೊಲ್ಲು ಹಿಡಿಯುವ ತನಕ ಮುಂದಾಳು ಮುಂದಿನ ಸಾಲಿಗೆ ಹೋಗುವಂತಿಲ್ಲ. ಹಿಡಿದ ಮೇಲೆ ನಿಲ್ಲುವಂತಿಲ್ಲ. ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಕುರಿ ಹಟ್ಟಿಯ ಬಾಗಿಲಲ್ಲಿ ಬಿದ್ದವನನ್ನು ಮೀರಜಿಗೆ ಒಯ್ದು ತಂದ ಮೇಲೆ ಬಲಗೈ, ಬಲಗಾಲು, ಬಾಯಿಯ ಬಲ ಅಂಚು ಜೋತುಬಿದ್ದಿದ್ದವು. ಮಾತು ಪೂರ್ತಿ ಹೋಗಿರಲಿಲ್ಲ. ವಿಚಿತ್ರವೆಂದರೆ ವ್ಯಂಜನಗಳು ಉಳಿದಿದ್ದವು. ಗಾಳಿಗೆ ಎಲೆ ಉದುರಿದ ಹಾಗೆ ಸ್ವರಗಳು ಮಾತ್ರ ಉದುರಿದ್ದವು. ಊರೆಲ್ಲ ಕೇಳುವಂತೆ ‘ಆ’ ಎಳೆದವನ ಬಾಯಲ್ಲಿ ಒಂದು ಸಣ್ಣ ಅಕಾರ ನಿಲ್ಲುತ್ತಿರಲಿಲ್ಲ. ಮಗನನ್ನು ‘ಮ್ಳ್ಶ್’ ಎಂದು ಕರೆಯುತ್ತಿದ್ದ. ಅದೂ ಹೆಂಡತಿ ಮತ್ತು ಮಗನ ಮುಂದೆ ಮಾತ್ರ, ಬಾಗಿಲು ಹಾಕಿದ ಮೇಲೆ. ಮೂರನೆಯವರು ಹೊಸ್ತಿಲು ದಾಟಿದರೆ ಬಾಯಿ ಮುಚ್ಚಿ ಹೆಗಲ ಟವೆಲ್ಲನ್ನು ಮೂಗಿನ ತನಕ ಎಳೆದುಕೊಳ್ಳುತ್ತಿದ್ದ. ಮೀರಜಿನಲ್ಲಿ ಮಾತು ಕಲಿಸುವ ಹೆಂಗಸು ಮಾಳೇಶನನ್ನು ಹೊರಗೆ ಕರೆದು, ಅವರು ಬಾಯಿ ಬಿಡುತ್ತಿರಬೇಕು, ಹೇಗೆ ಬಂದರೂ ಬರಲಿ, ಯಾರೂ ನಗಬಾರದು, ನಾಚಿಕೊಂಡು ಒಮ್ಮೆ ಬಾಯಿ ಮುಚ್ಚಿದರೆ ಈ ಉಳಿದದ್ದೂ ಹೋಗುತ್ತದೆ, ಆಮೇಲೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿ ಎಂದು ಹೇಳಿದ್ದಳು. ದಿನಾ ಒಂದಷ್ಟು ಮಾತಾಡಿಸಿ ಫೋನಿನಲ್ಲಿ ಹಿಡಿದಿಟ್ಟು ತನ್ನಿ ಎಂದೂ ಹೇಳಿದ್ದಳು. ಅವನು ಹಿಡಿದಿಟ್ಟ. ಎಷ್ಟೋ ತಿಂಗಳ ನೀರು, ರೊಟ್ಟಿ, ಬಿಸಿಲು, ಕುರಿ, ಹೊತ್ತಾತು, ಸಾಕು, ಮಾಳೇಶ. ಉತ್ತಮ ಬೇಡವೆಂದ ಮರುದಿನ ಇಯರ್‌ಫೋನ್ ಹಾಕಿಕೊಂಡು ಕೂತ. ವಾರದಲ್ಲಿ ಭಾಷೆ ಸಿದ್ಧವಾಯಿತು.

“ಈ ಸದ್ದು ಎಲ್ಲಿಂದ ಹುಡುಕಿದಿ?” ಎಂದು ಸ್ನೇಹಲ ಆಗ ಬೆರಗಿನಿಂದ ಕೇಳಿದ್ದಳು. ಎರಡು ವ್ಯಂಜನ, ಮೂರು ವ್ಯಂಜನ, ನಡುವೆ ಉಸಿರಿಗೂ ಜಾಗವಿಲ್ಲ. ಯಾವ ಭಾಷೆಯ ಬಾಯೂ ಇವನ್ನು ಹೀಗೆ ಒಟ್ಟಿಗೆ ಇಡುವುದಿಲ್ಲ, ಆದರೂ ಇವು ಸುಮ್ಮನೆ ಇಟ್ಟವಲ್ಲ ಅನ್ನಿಸುತ್ತದೆ, ಒಂದು ಜೀವ ಆಡಿದ ಹಾಗಿದೆ, ಅಂದಿದ್ದಳು. ಅವನು ಕಾಕೇಶಸ್ ಬೆಟ್ಟದ ಕಡೆಯ ಭಾಷೆಗಳ ಬಗ್ಗೆ ಏನೋ ಹೇಳಿದ್ದ. ತಾನು ಓದಿದ್ದ ಅನುವಾದದ ಕಾದಂಬರಿಗಳಲ್ಲಿ ಜನ ಎಷ್ಟು ಸುಲಭವಾಗಿ, ಎಷ್ಟು ಉದ್ದವಾಗಿ ತಪ್ಪೊಪ್ಪಿಕೊಳ್ಳುತ್ತಿದ್ದರು. ಅವನಿಗೆ ಒಂದು ಸಾಲೂ ಬರಲಿಲ್ಲ. ಅವಳು ಶಬ್ದಗಳ ಅರ್ಥ ಕೇಳುತ್ತ ಹೋದಳು. ‘ನ್ರ್ ತ್ಗ್’ ಎಂದರೆ? ಕೊಲ್ಲಿರಿ ಎಂದ. ‘ಮ್ಳ್ಶ್’? ಅದು ಪಟ್ಟಿಯೊಳಗೆ ಹೇಗೆ ಸೇರಿತೋ ಅವನಿಗೇ ಗೊತ್ತಿರಲಿಲ್ಲ. ವೈರಿ ಎಂದ. ಅವಳಿಗೆ ಬಹಳ ಹಿಡಿಸಿತು. ಉಗುಳುವ ಹಾಗೆ ಹೇಳಬಹುದು ಅಂದಳು.

ಈಗ ಬಿಸಿಲಿನಲ್ಲಿ ಮೂವತ್ತು ಮಂದಿ ವ್ಯಂಜನಗಳ ಆ ಗಂಟನ್ನು ಬಿಚ್ಚಲು ಒದ್ದಾಡುತ್ತಿದ್ದರು. ಕುರಿಯವರು, ಕಬ್ಬು ಕಡಿಯುವವರು, ಬಿಡುವಾದಾಗ ಡೊಳ್ಳು ಬಾರಿಸುವವರು. ಅವರ ಮುಂದಾಳಾಗಿ ಮಾಳೇಶನ ಚಿಕ್ಕಪ್ಪನ ಮಗ ಭರಮು. ಈ ಭರಮು ಹುಡುಗನಾಗಿದ್ದಾಗಿನಿಂದ ಅಮೋಘಸಿದ್ದನ ಹಿಂದೆ ನಿಂತು ಸೊಲ್ಲು ಹಿಡಿದವನು. ಕೂಗುವುದಕ್ಕೆ ಅವರಿಗೆ ನಾಚಿಕೆ ಇರಲಿಲ್ಲ, ದನಿಯಂತೂ ಖಣಿಯ ಗೋಡೆಗೆ ಬಡಿದು ಬರುವಷ್ಟಿತ್ತು. ಆದರೆ ಕನ್ನಡದ ಬಾಯಿ. ಎಷ್ಟು ಮೊಟಕು ಮಾಡಿ ಆಡಿದರೂ ನಡುವೆ ಎಲ್ಲೋ ಒಂದು ಸ್ವರದ ಮೇಲೆ ಕಾಲಿಟ್ಟೇ ಮುಂದೆ ಹೋಗುವ ಬಾಯಿ. ಒಬ್ಬ ‘ನುರು ತುಗು’ ಎಂದ. ಇನ್ನೊಬ್ಬ ‘ನಿರು ತಗ’ ಎಂದ. ಹಾಗೆ ಅವರು ತಪ್ಪು ಮಾಡಿದಷ್ಟೂ ಮಾತು ತಾನು ಬಂದ ದಾರಿಗೆ ಹತ್ತಿರವಾಗುತ್ತಿದ್ದುದನ್ನು ಮಾಳೇಶ ಒಬ್ಬನೇ ಕೇಳುತ್ತಿದ್ದ.

“ಏ ಮಾಳ್ಯಾ, ಇದು ನೀರ ತಗೋ ಅಂದಂಗ ಆತಲ್ಲೋ” ಎಂದು ಭರಮು ನಕ್ಕ. “ನರಮನಷ್ಯಾರನ್ನ ತಿನ್ನೋ ಮಂದಿ ನೀರ ಯಾಕ ಕೇಳ್ತಾರ? ನೆತ್ತಿಗೇರಿತೇನು?”

ಎಲ್ಲರೂ ನಕ್ಕರು. ಸ್ವರ ಹಚ್ಚಬೇಡಿ, ಸ್ವರ ಹಚ್ಚಿದರೆ ಅದು ಈ ಭಾಷೆಯೇ ಅಲ್ಲ ಎಂದು ಮಾಳೇಶ ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದ. ತನ್ನ ದನಿ ಶಾಲೆಯ ಮಾಸ್ತರನ ದನಿಯ ಹಾಗೆ ಸೀಳಿದ್ದು ಅವನಿಗೇ ಕೇಳಿಸಿತು. ಕುರ್ಚಿಯಲ್ಲಿದ್ದ ನಟ ಹಿಂದಿಯಲ್ಲಿ, ಇದು ಮನುಷ್ಯನ ಬಾಯಿಂದ ಹೊರಡುವ ಸದ್ದೇ ಅಲ್ಲ, ಸ್ವತಃ ಹೇಳಿದವರು ಯಾರಾದರೂ ಇದ್ದಾರೆಯೇ, ಕಾಗದದ ಮೇಲೆ ಬರೆದರೆ ಆಯಿತೇ ಎಂದ. ಉತ್ತಮ ಕಲ್ಲಿನ ಅಂಚಿನ ನೆರಳು ನೋಡಿದ. ಸ್ನೇಹಲ ಮಾಳೇಶನ ಪರವಾಗಿ ನಿಲ್ಲದೆ ಬೇರೆ ಕಡೆ ನೋಡಿದಳು. ಆ ನೋಟವನ್ನು ಅವನು ಬಲ್ಲ. ಪ್ರತಿ ಜೂನಿನಲ್ಲಿ, ಈ ವರ್ಷ ಗೆಸ್ಟುಗಳ ಪಟ್ಟಿ ಇನ್ನೂ ಬಂದಿಲ್ಲ ಎನ್ನುವಾಗ ಪ್ರಿನ್ಸಿಪಾಲರೂ ಹೀಗೇ ಕಿಟಕಿ ನೋಡುತ್ತಿದ್ದರು. ಅವನೊಳಗೆ ಏನೋ ಒಂದು ಹಟ ಎದ್ದಿತು. ಹೇಳಿ ತೋರಿಸುತ್ತೇನೆ ಎಂದ. ನಟನ ಮುಂದೆ ನಿಂತು, ಬಾಯಿಯ ಬಲ ಅಂಚನ್ನು ಜೋಲುಬಿಟ್ಟ. ದವಡೆ ಸಡಿಲಿಸಿದ. ನಾಲಗೆಯ ಅರ್ಧ ಸತ್ತಿದೆ, ಉಳಿದ ಅರ್ಧ ಅದನ್ನು ಹೊತ್ತು ಎಳೆಯುತ್ತಿದೆ ಅಂದುಕೊಳ್ಳಿ ಎಂದ. ಹಾಗೆ ಮಾಡಿದಾಗ ಸ್ವರಕ್ಕೆ ಬೇಕಾದಷ್ಟು ಬಾಯಿ ತೆರೆಯುವುದೇ ಇಲ್ಲ. ಗಾಳಿ ಒಂದೇ ಮಗ್ಗುಲಿನಿಂದ ಹೊರಡುತ್ತದೆ, ವ್ಯಂಜನಗಳು ಒಂದರ ಮೇಲೊಂದು ಬೀಳುತ್ತವೆ. “ನ್ರ್ ತ್ಗ್” ಎಂದ. ನಟ ಎದ್ದು ನಿಂತು ಬಾಯಿ ಸೊಟ್ಟ ಮಾಡಿದ. ಮೊದಲ ಸಲಕ್ಕೇ ಬಂತು. ಖುಷಿಯಿಂದ ಮಾಳೇಶನ ಬೆನ್ನಿಗೆ ಹೊಡೆದ. ಆಮೇಲೆ ಮೂವತ್ತೂ ಬಾಯಿಗಳು ಬಲಕ್ಕೆ ಜೋತವು, ಒಂದೆರಡರಿಂದ ಜೊಲ್ಲಿನ ಎಳೆಯೂ ಇಳಿಯಿತು, ಮಾತು ಗಂಟು ಬಿಚ್ಚದೆಯೇ ದಾಟಿತು. “ಬರೋಬರ್!” ಎಂದು ಉತ್ತಮ ಕುರ್ಚಿಯಿಂದಲೇ ಕೂಗಿದ. ಮಾಳೇಶನಿಗೆ ಸಂತೋಷವಾಯಿತು. ಅದನ್ನು ಅವನು ಆಮೇಲೆ ಎಷ್ಟು ಸಲ ತಿರುವಿ ನೋಡಿದರೂ ಅದು ಸಂತೋಷವೇ ಆಗಿತ್ತು. ಯಾವುದೇ ಬೆರಕೆ ಇರಲಿಲ್ಲ.

ಊಟಕ್ಕೆ ಅವನನ್ನು ಇದ್ದಿಲಿನವರ ಸಾಲಿನಲ್ಲಿ ನಿಲ್ಲಿಸಿದರು. ಟೇಬಲ್ಲಿನ ಹತ್ತಿರ ಉತ್ತಮ, ನಟ, ಕ್ಯಾಮೆರಾದವರು. ಸ್ನೇಹಲ ಅವನಿಗೂ ಒಂದು ಕುರ್ಚಿ ತರಿಸಲು ಹೋಗಿ ಅದನ್ನು ಮರೆತಳು. ಝುಣಕ ರೊಟ್ಟಿ ತಿನ್ನುತ್ತ ಭರಮು, ದೊಡ್ಡಪ್ಪನನ್ನೂ ಕರೆಸಬೇಕಿತ್ತು, ಡೊಳ್ಳಿನ ಸದ್ದು ಕಿವಿಗೆ ಬಿದ್ದರೆ ಅರ್ಧ ಆರಾಮ ಆಗುತ್ತಾನೆ ಎಂದ. ಧೂಳು ಬಹಳ, ಬೇಡ ಎಂದು ಮಾಳೇಶ ಹೇಳಿದ. ಮುಂಜಾನೆ ತಾಯಿಗೂ ಅದನ್ನೇ ಹೇಳಿ ಬಂದಿದ್ದ, ಧೂಳು ಬಹಳ ಎಂದು. ಅವಳು ಹಿಟ್ಟು ನಾದುತ್ತಿದ್ದವಳು ಮುಖ ಎತ್ತಿ ಅವನನ್ನು ನೋಡಿದ್ದಳು. ಕುರಿಯ ಹಿಂದೆ ಜೀವ ಸವೆಸಿದ ಮನೆಯವರಿಗೆ ಧೂಳಿನ ಹೆದರಿಕೆ ಹೇಳುತ್ತಿದ್ದಾನಲ್ಲ ಎಂದು.

ಬಿಸಿಲು ವಾಲಿದ ಮೇಲೆ ಡೊಳ್ಳು ಹೊರಬಂದವು. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮದ ಮೇಲೆ ಮೊದಲ ಪೆಟ್ಟು ಬಿದ್ದಾಗ ಖಣಿಯ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದವು. ಈ ಸದ್ದು ಮನೆಯ ತನಕ ಹೋಗುತ್ತದೆ ಎಂದು ಅವನಿಗೆ ಹೊಳೆದದ್ದು ಆಗ. ಊರಿನ ಮಂದಿ ಖಣಿಯ ಅಂಚಿಗೆ ಬಂದು ಕೂತರು. ಅವರ ನಡುವೆ ಸ್ವಲ್ಪ ಹೊತ್ತಿಗೆ ಒಂದು ಟಂಟಂ ಬಂದು ನಿಂತಿತು. ಸಾವಕ್ಕ ಮೊದಲು ಇಳಿದು, ತನ್ನ ಹೆಗಲು ಕೊಟ್ಟು, ಅಮೋಘಸಿದ್ದನನ್ನು ಇಳಿಸಿದಳು. ಅವನ ತಲೆಯ ಮೇಲೆ ಪಟಕಾ ಇತ್ತು. ಬಿದ್ದ ದಿನದಿಂದ ಸುತ್ತದೆ ಇದ್ದ ಹಳದಿ ಪಟಕಾ. ಅವಳೇ ಸುತ್ತಿರಬೇಕು, ಒಂದು ಕಡೆಗೆ ವಾಲಿತ್ತು. ಮಾಳೇಶ ಮೇಲೆ ಓಡಿದ. ಯಾಕೆ ಕರೆತಂದಿ ಎಂದು ಪಿಸುಗುಟ್ಟಿದ.

“ತಾನಾಗೇ ಕೇಳಿದ” ಎಂದಳು ಸಾವಕ್ಕ. ಅವಳ ಮುಖ ಹಿಗ್ಗಿನಿಂದ ಮಿಂಚುತ್ತಿತ್ತು. “ಡೊಳ್ಳ ಕೇಳಿ ಎದ್ದ ಕುಂತ. ಹೋಗೂನು ಅಂದ. ಬಾಗಲ ತಗದ ಇತ್ತು ಮಾಳೂ, ಓಣ್ಯಾಗ ಮಂದಿ ಇತ್ತು, ಅಂದ್ರೂ ಬಾಯಿಬಿಟ್ಟ ಅಂದ.”

ಆಗಲೇ ಅವನು ಅವರನ್ನು ವಾಪಸ್ಸು ಕಳಿಸಬಹುದಿತ್ತು. ಕೆಳಗಿಳಿದು, ಇವತ್ತು ಈ ದೃಶ್ಯ ಬೇಡ ಎಂದೂ ಹೇಳಬಹುದಿತ್ತು. ಉತ್ತಮ ಬೈಯುತ್ತಿದ್ದ, ಅಷ್ಟೇ. ಕೆಳಗಿನಿಂದ ಸ್ನೇಹಲ ಮೈಕಿನಲ್ಲಿ ‘ಭಾಷಾ ಸರ್’ ಎಂದು ಕೂಗಿದಳು. ಅವನು ಅಪ್ಪನನ್ನು ಡೊಳ್ಳಿನವರ ಹಿಂದೆ, ಕ್ಯಾಮೆರಾಕ್ಕೆ ಸಿಗದ ಮಗ್ಗುಲಿನಲ್ಲಿ, ಕಲ್ಲಿನ ಇಳಿಜಾರಿನ ಒಂದು ಹಾಸಿನ ಮೇಲೆ ಕೂರಿಸಿದ. ಡೊಳ್ಳಿನವರ ಮುಖ ಅಲ್ಲಿಂದ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ ಎಂದು ಲೆಕ್ಕ ಹಾಕಿದ. ಈ ಲೆಕ್ಕ ಹಾಕಿದ್ದಕ್ಕೆ ತಾನೊಬ್ಬ ಎಚ್ಚರದ ಮಗ ಎಂದೂ ಅನ್ನಿಸಿತು. ಆಮೇಲೆ ಮಾನಿಟರಿನ ಪಕ್ಕ ತನ್ನ ಜಾಗಕ್ಕೆ ಹೋಗಿ ನಿಂತ. ದೃಶ್ಯ ನಡೆಯುವಾಗ ಅವನು ಸದ್ದಿಲ್ಲದೆ ತುಟಿಯಲ್ಲೇ ಮಾತುಗಳನ್ನು ಆಡುತ್ತಿರಬೇಕು, ಮರೆತವರು ಅವನ ಬಾಯಿ ನೋಡಿ ಹಿಡಿಯಬೇಕು ಎಂದು ಮಾತಾಗಿತ್ತು.

ಡೊಳ್ಳು ಏರಿತು. ಇದ್ದಿಲಿನ ಮೂವತ್ತು ಮೈಗಳು ಒಂದೇ ಹೆಜ್ಜೆಯಲ್ಲಿ ಮುಂದೆ ಬಂದವು. ನಟ ಈಟಿ ಎತ್ತಿ “ನ್ರ್ ತ್ಗ್” ಎಂದ. ಮೂವತ್ತು ಬಾಯಿಗಳು “ನ್ರ್ ತ್ಗ್” ಎಂದವು. ಇಳಿಜಾರಿನಲ್ಲಿ ಅಮೋಘಸಿದ್ದ ತಲೆ ಎತ್ತಿದ. ಮತ್ತೊಮ್ಮೆ ಒಬ್ಬ ಅಂದ, ಎಲ್ಲರೂ ತಿರುಗಿ ಅಂದರು. ಒಬ್ಬ ಅನ್ನುವುದು, ಹಿಂದಿನವರು ಅದನ್ನೇ ಎತ್ತಿಕೊಳ್ಳುವುದು, ನಡುವೆ ಡೊಳ್ಳು. ಇಷ್ಟು ದಿನ ಮುಚ್ಚಿದ ಬಾಗಿಲ ಹಿಂದೆ ಹೆಂಡತಿ, ಮಗನ ಮುಂದೆ ಮಾತ್ರ ಆಡಿದ ಮಾತು ಮೂವತ್ತು ಎದೆಗಳಿಂದ ಹೊರಟು ಕಲ್ಲಿಗೆ ಬಡಿದು ಅವನ ಹತ್ತಿರ ತಿರುಗಿ ಬರುತ್ತಿತ್ತು. ಅದನ್ನು ಅವನು ಏನೆಂದು ತಿಳಿದನೆಂಬುದು ಮಾಳೇಶನಿಗೆ ಗೊತ್ತಾದದ್ದು ಅಪ್ಪನ ಎಡಗೈ ಮೆಲ್ಲಗೆ ಮೇಲೆದ್ದು ಕಿವಿಯನ್ನು ಒತ್ತಿಕೊಂಡಾಗ. ಹಿಮ್ಮೇಳ ಸೊಲ್ಲು ಹಿಡಿದಿದೆ. ಇನ್ನು ನಿಲ್ಲುವಂತಿಲ್ಲ. ಹೆಂಡತಿಯ ಹೆಗಲು ಊರಿ ಅಮೋಘಸಿದ್ದ ಎದ್ದು ನಿಂತ, ಕುತ್ತಿಗೆ ಹಿಂದಕ್ಕೆ ಚಾಚಿದ, ಹಾಡಿದ. “ಬ್ರ್ ದ್ವ್ರ್ ಬ್ನ್ದ್ ಬ್ಯ್ಲ್ ದ್ಟ್.” ಅದು ಬೀರದೇವರು ಬಯಲು ದಾಟಿ ಬಂದ ಹಾಡಿನ ಮೊದಲ ಸಾಲು, ಅವನು ಮೇಳ ಕಟ್ಟಿದ ದಿನದಿಂದ ಹಾಡಿದ್ದು. ಸ್ವರ ಒಂದೂ ಇರಲಿಲ್ಲ. ಆದರೆ ಏರಿಳಿತ ಇತ್ತು, ಎಳೆಯಬೇಕಾದಲ್ಲಿ ಸ್ವರದ ಜಾಗದಲ್ಲಿ ಬರೀ ಉಸಿರನ್ನು ಎಳೆದ.

ಡೊಳ್ಳು ನಿಲ್ಲಲಿಲ್ಲ. ಭರಮುವಿನ ಬಾಯಿ ತಾನಾಗಿ ತೆರೆಯಿತು. ಅವನು ಹಿಂದೆ ತಿರುಗಿ ನೋಡದೆ, ಇಪ್ಪತ್ತು ವರ್ಷದ ರೂಢಿಯಿಂದ, ತುಂಬಿದ ಸ್ವರದಲ್ಲಿ “ಬಯಲ ದಾಟಿ” ಎಂದು ಎತ್ತಿಕೊಂಡ. ಎತ್ತಿಕೊಂಡ ಮೇಲೆ ದನಿ ಎಲ್ಲಿಂದ ಬಂತೆಂದು ಗಾಬರಿಯಾಗಿ ತಿರುಗಿದ. ಉತ್ತಮ ಮಾನಿಟರಿನಿಂದ ಕಣ್ಣು ತೆಗೆಯದೆ, ನಿಲ್ಲಿಸಬೇಡಿ ಎಂದು ಕೈಬೀಸಿದ, ಒಂದು ಕ್ಯಾಮೆರಾವನ್ನು ಇಳಿಜಾರಿನ ಕಡೆ ತಿರುಗಿಸಿದ. ನಟನಿಗೂ ಹುರುಪು ಬಂತು. ಅವನು ಮುದುಕನ ಕಡೆ ತಿರುಗಿ, ಅವನ ಹಾಗೇ ಎಡಗೈಯನ್ನು ಕಿವಿಗಿಟ್ಟು, ಬಾಯಿ ಇನ್ನಷ್ಟು ಜೋಲುಬಿಟ್ಟು, “ಬ್ಯ್ಲ್ ದ್ಟ್” ಎಂದ. ಅವನಿಗೀಗ ಯಾವ ವ್ಯಂಜನವೂ ಕಷ್ಟವಾಗುತ್ತಿರಲಿಲ್ಲ. ಹಿಂದಿನವರೂ ತಿರುಗಿದರು. “ಬ್ಯ್ಲ್ ದ್ಟ್.” ಯಾರೋ ಒಬ್ಬ ಹುಡುಗ ತಡೆಯಲಾರದೆ ಕಿಸಕ್ಕನೆ ನಕ್ಕ, ನಗು ಸಾಲಿನುದ್ದಕ್ಕೂ ಹರಿಯಿತು, ಅಂಚಿನ ಮೇಲಿನ ಮಂದಿಗೂ ಹತ್ತಿತು. ಕೆಟ್ಟ ನಗುವಲ್ಲ. ದಿನವಿಡೀ ಬಿಸಿಲಲ್ಲಿ ನಿಂತವರ ನಗು.

ಅಮೋಘಸಿದ್ದ ತನ್ನ ಹಿಮ್ಮೇಳವನ್ನು ನೋಡಿದ. ಮೂವತ್ತು ಮುಖಗಳು, ಒಂದೊಂದರಲ್ಲೂ ಬಲ ಅಂಚು ಜೋತ ಬಾಯಿ. ಕಿವಿಯ ಮೇಲಿದ್ದ ಕೈ ಕೆಳಗಿಳಿದು ತನ್ನ ತುಟಿಯ ಮೂಲೆಗೆ ಹೋಯಿತು. ಅಲ್ಲಿ ಏನಿದೆಯೆಂದು ಈಗಷ್ಟೇ ತಿಳಿಯುವವನ ಹಾಗೆ ಬೆರಳು ಆಡಿಸಿದ. ಕನ್ನಡಿ ನೋಡುವುದನ್ನು ಅವನು ಬಿದ್ದ ದಿನದಿಂದಲೇ ಬಿಟ್ಟಿದ್ದ. ಆಮೇಲೆ ಅವನ ಕಣ್ಣು ಒಂದೊಂದೇ ಮುಖ ದಾಟುತ್ತ, ಇದ್ದಿಲು ಬಳಿಯದ ಒಂದೇ ಒಂದು ಮುಖಕ್ಕೆ ಬಂದು ನಿಂತಿತು. ಮಾಳೇಶ ಅವನನ್ನೇ ನೋಡುತ್ತಿದ್ದ. ಏನೋ ಹೇಳಬೇಕೆಂದುಕೊಂಡ. ಆಗಲೇ ತನ್ನ ತುಟಿಗಳು ಅಲುಗುತ್ತಿರುವುದು ಅವನಿಗೆ ಗೊತ್ತಾಯಿತು. ಇಷ್ಟು ಹೊತ್ತೂ ಅವು ತಮ್ಮ ಕೆಲಸ ಮಾಡುತ್ತಿದ್ದವು. ಬಲ ಅಂಚು ಜೋತು, ದವಡೆ ಸಡಿಲವಾಗಿ, ಸದ್ದಿಲ್ಲದೆ, ಮುಂದಿನ ಸಾಲಿನವರಿಗೆ ಕಾಣುವ ಹಾಗೆ.

ಕಟ್ ಆಯಿತು. ಚಪ್ಪಾಳೆ ಬಿದ್ದವು. ಉತ್ತಮ ಎದ್ದು ಬಂದು, “ಆ ಅಜ್ಜಾ ಯಾರ್ರೀ ಸರ್? ನಿಮ್ಮ ಭಾಷಾ ಎಲ್ಲಾರಿಗಿಂತ ಅವರ ಬಾಯಾಗ ಛಲೋ ಬಂತ ನೋಡ್ರಿ. ಇನ್ನೆರಡ ಸಾಲು ಕಲಸ್ರಿ ಅವರಿಗೆ” ಎಂದ. ನೆರಳು ಖಣಿಯ ತಳಕ್ಕೆ ಇಳಿದಿತ್ತು, ಆದರೂ ಇದಕ್ಕಾಗಿ ಊಟ ಬಿಡಲು ತಾನು ಸಿದ್ಧ ಎಂದ. ಸ್ನೇಹಲ ಇಳಿಜಾರಿನಲ್ಲಿದ್ದ ಮುದುಕನ ಬಾಯನ್ನೂ ಮಾಳೇಶನ ಬಾಯನ್ನೂ ಒಂದಾದ ಮೇಲೊಂದು ನೋಡಿ ಕೈಯಲ್ಲಿದ್ದ ಹಾಳೆಗಳನ್ನು ಮಡಿಸತೊಡಗಿದಳು. ಯಾರು ಎಂಬ ಪ್ರಶ್ನೆಗೆ ಎರಡೇ ಅಕ್ಷರದ ಉತ್ತರವಿತ್ತು. ಅದರಲ್ಲಿ ಬೇಕಾದಷ್ಟು ಸ್ವರ ಇತ್ತು, ಮಗುವಿಗೂ ಬರುವ ಮಾತು. ಅವರಿಗೆ ಆರಾಮ ಇಲ್ಲ, ಕಲಿಸಲಾಗುವುದಿಲ್ಲ ಎಂದ ಮಾಳೇಶ. ಹಿಂದಿನಿಂದ ಭರಮು ಮುಖದ ಇದ್ದಿಲನ್ನು ಅಂಗೈಯಲ್ಲಿ ಒರೆಸುತ್ತ ಬಂದು, “ಅವ ಇವನ ಅಪ್ಪ ರೀ” ಎಂದ. ಮಾಳೇಶನ ಕಡೆ ನೋಡಲಿಲ್ಲ.

ಮಾಳೇಶ ಇಳಿಜಾರು ಹತ್ತಿದ. ಅಮೋಘಸಿದ್ದ ಟವೆಲ್ಲನ್ನು ಮೂಗಿನ ತನಕ ಎಳೆದುಕೊಂಡು ಕೂತಿದ್ದ. ಸಾವಕ್ಕ ವಾಲಿದ ಪಟಕಾವನ್ನು ಬಿಚ್ಚಿ ಮಡಿಲಲ್ಲಿ ಸುತ್ತಿಡುತ್ತಿದ್ದಳು. ಅವನು ಬಗ್ಗಿ ತಂದೆಯ ತೋಳಿಗೆ ಕೈ ಹಾಕಲು ಹೋದಾಗ ಅವಳು ಆ ಕೈಯನ್ನು ನಿಧಾನವಾಗಿ ಆಚೆ ಸರಿಸಿದಳು.

“ಮೊದಲ ನಿನ್ನ ಬಾಯಿ ಸೀದಾ ಮಾಡ್ಕೋ” ಎಂದಳು.

ಅವನು ತುಟಿ ಮುಟ್ಟಿ ನೋಡಿಕೊಂಡ. ಸೀದಾ ಇತ್ತು. ಇತ್ತೆಂದು ಅವನಿಗೆ ಅನ್ನಿಸಿತು.

ಆ ಮೇಲಿನ ದಿನಗಳು ಎಂದಿನ ಹಾಗೇ ಇದ್ದವು. ಅವನು ಅಥಣಿಗೆ ಹೋಗುತ್ತಿದ್ದ, ಬರುತ್ತಿದ್ದ. ಸಂಜೆ ಬಾಗಿಲು ಹಾಕಿ, ಫೋನು ತೆಗೆದು, ಅಪ್ಪನ ಎದುರು ಕೂರುತ್ತಿದ್ದ. ನೀರು ಬೇಕೇ ಎಂದು ಕೇಳುತ್ತಿದ್ದ. ಅಮೋಘಸಿದ್ದ ಎಡಗೈಯಿಂದ ತಂಬಿಗೆ ತೋರಿಸುತ್ತಿದ್ದ. ರೊಟ್ಟಿಗೆ ಬಾಯ ಕಡೆ ಕೈ, ಸಾಕಾದರೆ ಅಂಗೈ ಅಡ್ಡ. ಕೆಲವೇ ದಿನಗಳಲ್ಲಿ ಅವನು ಕೈಯಿಂದಲೇ ಎಲ್ಲವನ್ನೂ ಹೇಳತೊಡಗಿದ, ಯಾರೂ ನಕಲು ಮಾಡಲಾರದ ಹಾಗೆ ಚುಟುಕಾಗಿ. ಫೋನಿನಲ್ಲಿ ಬರೀ ಗಡಿಯಾರದ ಸದ್ದು, ಹೊರಗೆ ಕುರಿ ಕೆಮ್ಮಿದ್ದು, ಮಾಳೇಶನದೇ ಪ್ರಶ್ನೆಗಳು ತುಂಬಿಕೊಂಡವು. ಹಳೆಯವನ್ನು ಒಮ್ಮೆ ಅಪ್ಪನ ಮುಂದೆ ಹಚ್ಚಿ ನೋಡಿದ, ನೋಡು ನೀನು ಎಷ್ಟು ಮಾತಾಡುತ್ತಿದ್ದೆ ಎಂದು. ಅಮೋಘಸಿದ್ದ ಯಾರೋ ಗುರುತಿಲ್ಲದವನ ಮಾತು ಕೇಳುವಂತೆ ಸ್ವಲ್ಪ ಹೊತ್ತು ಕೇಳಿ, ಮುಖವನ್ನು ಗೋಡೆಗೆ ತಿರುಗಿಸಿದ. ಮೀರಜಿನ ಹೆಂಗಸಿಗೆ ಫೋನು ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಏನಾಯಿತು ಎಂದು ಅವಳು ಕೇಳಿಯೇ ಕೇಳುತ್ತಾಳೆ.

ಧಾರಾವಾಹಿ ಬಂತು. ಊರಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ. ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಬಾಯಿ ಸೊಟ್ಟ ಮಾಡಿ ‘ನ್ರ್ ತ್ಗ್’ ಎಂದು ಕರೆದು ಚಹಾ ಕುಡಿಯುತ್ತಿದ್ದರು. ಮೊದಲು ನಾಲಗೆ ತೊಡರಿದವರಿಗೆಲ್ಲ ಈಗ ಅದು ಉಗುಳಿನಷ್ಟು ಸಲೀಸು. ಎಂಟನೆಯ ಕಂತಿನಲ್ಲಿ ‘ಮ್ಳ್ಶ್’ ಬಂತು. ನಟ ಅದನ್ನು ಸ್ನೇಹಲ ಹೇಳಿದಂತೆ ಉಗುಳಿಯೇ ಹೇಳಿದ್ದ.

ಆ ಸಂಜೆ ಮಾಳೇಶ ಅಪ್ಪನ ಎದುರು ಕೂತಿದ್ದ. ಸಾವಕ್ಕ ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಅಪ್ಪಾ, ನೀರು ಬೇಡ, ರೊಟ್ಟಿ ಬೇಡ, ಒಮ್ಮೆ ನನ್ನ ಹೆಸರು ಹಿಡಿದು ಕರೆ, ಹೆಂಗ ಬರತೈತೋ ಹಂಗ, ಎಂದು ಮಾಳೇಶ ಕೇಳಿಕೊಂಡ. ಅಮೋಘಸಿದ್ದನ ತುಟಿ ಕೂಡಿತು, ಮಕಾರಕ್ಕೆ ಕೂಡುವ ಹಾಗೆಯೇ. ಮಾಳೇಶ ಆ ತುಟಿಗಳನ್ನೇ ನೋಡಿದ. ಅವು ಬಿಚ್ಚಿಕೊಳ್ಳಲಿಲ್ಲ.

“ಮ್ಳ್ಶ್” ಎಂದು ದನಿ ಬಂತು. ಸ್ವಚ್ಛವಾಗಿ, ಸ್ವರದ ಸುಳಿವೇ ಇಲ್ಲದೆ, ಮೂರು ವ್ಯಂಜನಗಳೂ ಒಂದೇ ಏಟಿಗೆ.

“ಯಪ್ಪಾ” ಎಂದು ಮಾಳೇಶ ಎದ್ದೇಬಿಟ್ಟ. “ಬಂದೆ.”

ಅಪ್ಪನ ತುಟಿಗಳು ಕೂಡಿದ ಹಾಗೇ ಇದ್ದವು. ಹೊರಗೆ ಓಣಿಯಲ್ಲಿ ಮೋಟಾರ್ ಸೈಕಲ್ಲೊಂದು ವೇಗ ಹೆಚ್ಚಿಸಿಕೊಂಡು ದೂರವಾಯಿತು, ಅದರ ಮೇಲೆ ಇಬ್ಬರೋ ಮೂವರೋ ಹುಡುಗರ ನಗು. ಸಾವಕ್ಕ ಮೊರದಲ್ಲಿನ ಕಾಳಿನಿಂದ ಕಣ್ಣು ತೆಗೆಯಲಿಲ್ಲ.

“ನಿನ್ನ ಕರದ್ರು ನೋಡು, ಹೋಗು” ಎಂದಳು.